ಮುಖ ಕಾಣುವಷ್ಟಾದರೂ ಇರಲಿ

ಕೂಟದ ವಾರ್ಷಿಕ ಸಂಚಿಕೆ ಕೈಗೆ ಬಂದಾಗ ನಮ್ಮಲ್ಲಿ ಯಾರೂ ಮೊದಲು ಸಂಪಾದಕೀಯ ಓದುವುದಿಲ್ಲ. ಸಂಪಾದಕರು ಬೇಸರ ಮಾಡಿಕೊಳ್ಳಬಾರದು, ಅಧ್ಯಕ್ಷರ ಸಂದೇಶವನ್ನೂ ಓದುವುದಿಲ್ಲ. ಎಲ್ಲರೂ ಮೊದಲು ಮಾಡುವ ಕೆಲಸ ಒಂದೇ: ಪುಟ ಮಗುಚುತ್ತಾ ಫೋಟೊಗಳಲ್ಲಿ ನಮ್ಮವರನ್ನು ಹುಡುಕುವುದು. ರಾಜ್ಯೋತ್ಸವದ ಸಮೂಹ ನೃತ್ಯದಲ್ಲಿ ಎಡದಿಂದ ಮೂರನೆಯವಳು ನಮ್ಮ ಮಗಳೋ, ಎದುರು ಫ್ಲ್ಯಾಟಿನವರ ಮಗಳೋ? ಕ್ರೀಡಾಕೂಟದಲ್ಲಿ ಹಗ್ಗ ಎಳೆಯುತ್ತಿರುವ ಆ ಬಿಳಿ ಟೀ ಶರ್ಟಿನವರು ಯಾರು? ಕನ್ನಡಕ ಹಾಕಿ ನೋಡುತ್ತೇವೆ, ಕನ್ನಡಕ ತೆಗೆದು ನೋಡುತ್ತೇವೆ. ಮುಖ ಇರುವ ಜಾಗದಲ್ಲಿ ಒಂದು ಕಂದು ಬಣ್ಣದ ಮಚ್ಚೆ ಇರುತ್ತದೆ. ಬಣ್ಣ ನೋಡಿ ಸೀರೆಯನ್ನು ಗುರುತು ಹಿಡಿಯುತ್ತೇವೆಯೇ ಹೊರತು ಮನುಷ್ಯರನ್ನಲ್ಲ.

ಆಮೇಲೆ ಬೈಗುಳ ಶುರು. ಪ್ರೆಸ್ಸಿನವರು ಸರಿಯಿಲ್ಲ, ಪೇಪರ್ ಅಗ್ಗದ್ದು, ಸಮಿತಿಯವರು ದುಡ್ಡು ಉಳಿಸಲು ಹೋಗಿ ಹೀಗೆ ಮಾಡಿದರು ಎಂದೆಲ್ಲ ಮಾತು ಬರುತ್ತದೆ. ಇದು ಅನ್ಯಾಯ. ನೂರಕ್ಕೆ ತೊಂಬತ್ತು ಸಲ ಫೋಟೊ ಕೆಡುವುದು ಪ್ರೆಸ್ಸಿಗೆ ಹೋಗುವ ಬಹಳ ಮೊದಲು, ನಮ್ಮ ಫೋನಿನಿಂದ ಸಮಿತಿಯ ಫೋನಿಗೆ ಹೋಗುವ ದಾರಿಯಲ್ಲಿ. ಅದಕ್ಕೇ ಈ ಬರಹ. ನಮ್ಮ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇವೆ. ಮುಂದಿನ ಸಂಚಿಕೆಯಿಂದ, ವಾಟ್ಸಾಪಿನಲ್ಲಿ ಮಾಮೂಲಿ ಫೋಟೊ ಆಗಿ ಬಂದ ಯಾವ ಚಿತ್ರವನ್ನೂ ಅಚ್ಚಿಗೆ ತೆಗೆದುಕೊಳ್ಳಬಾರದು. ಎರಡು ಪುಟ ಕಡಿಮೆಯಾದರೂ ಪರವಾಗಿಲ್ಲ. ಮತ್ತು ಬಂದ ಮೂಲ ಫೋಟೊಗಳನ್ನು ಕೂಟ ಜೋಪಾನವಾಗಿ ಇಟ್ಟುಕೊಳ್ಳಬೇಕು.

ಔಷಧ ಎಣಿಸುವವರಿಗೆ ಫೋಟೊ ವಿಚಾರ ಯಾಕೆ ಎಂದು ಕೇಳಬಹುದು. ಆಸ್ಪತ್ರೆಯ ಫಾರ್ಮಸಿಯಲ್ಲಿ ನಿಂತು ಇಪ್ಪತ್ತು ವರ್ಷ ಮಿಲಿಗ್ರಾಂ, ಮಿಲಿಲೀಟರ್ ಲೆಕ್ಕ ಹಾಕುವವರಿಗೆ ಇದು ಹೊಸ ಲೆಕ್ಕವೇ ಅಲ್ಲ. ಮಕ್ಕಳ ಜ್ವರಕ್ಕೆ ಕೊಡುವ ಪ್ಯಾರಾಸಿಟಮಾಲ್ ಸಿರಪ್ ನೋಡಿರುತ್ತೀರಿ. ಒಂದು ಬಾಟಲಿಯಲ್ಲಿ 5 ಮಿಲಿಗೆ 120 ಮಿಲಿಗ್ರಾಂ ಇರುತ್ತದೆ, ಇನ್ನೊಂದರಲ್ಲಿ 5 ಮಿಲಿಗೆ 250 ಮಿಲಿಗ್ರಾಂ. ಬಾಟಲಿ ಒಂದೇ ಗಾತ್ರ, ಬಣ್ಣವೂ ಹೆಚ್ಚು ಕಡಿಮೆ ಒಂದೇ, ಆದರೆ ಚಮಚದಲ್ಲಿ ಬರುವ ಔಷಧ ಬೇರೆ ಬೇರೆ. ಫೋಟೊದಲ್ಲಿ ಪಿಕ್ಸೆಲ್ ಎಂದರೆ ಔಷಧದ ಮಿಲಿಗ್ರಾಂ ಇದ್ದಂತೆ. ಅಚ್ಚಾಗುವ ಅಳತೆ ಎಂದರೆ ಮಿಲಿಲೀಟರ್. ಒಂದು ಇಂಚಿನಲ್ಲಿ ಎಷ್ಟು ಪಿಕ್ಸೆಲ್ ಎನ್ನುವುದೇ ರೆಸಲ್ಯೂಶನ್, ಅಂದರೆ ಸಾಂದ್ರತೆ. ಇರುವ ಔಷಧವನ್ನೇ ದೊಡ್ಡ ಬಾಟಲಿಗೆ ಸುರಿದು ನೀರು ತುಂಬಿಸಿದರೆ ಬಾಟಲಿ ತುಂಬಿದಂತೆ ಕಾಣುತ್ತದೆ, ಮಗುವಿನ ಜ್ವರ ಇಳಿಯುವುದಿಲ್ಲ.

ನಯವಾದ ಆರ್ಟ್ ಪೇಪರಿನಲ್ಲಿ ಅಚ್ಚು ಹಾಕಲು ಇಂಚಿಗೆ 300 ಪಿಕ್ಸೆಲ್ ಬೇಕು ಎನ್ನುವುದು ರೂಢಿಯ ಲೆಕ್ಕ. ಇದು ಯಾರೋ ಸುಮ್ಮನೆ ಹೇಳಿದ್ದಲ್ಲ. ಆಫ್‌ಸೆಟ್ ಮುದ್ರಣದಲ್ಲಿ ಚಿತ್ರವನ್ನು ಸಣ್ಣ ಸಣ್ಣ ಚುಕ್ಕಿಗಳ ಸಾಲುಗಳಾಗಿ ಒಡೆಯುತ್ತಾರೆ. ಒಳ್ಳೆಯ ಕಾಗದದಲ್ಲಿ ಇಂಚಿಗೆ ಸುಮಾರು 150 ಸಾಲು ಕೂರುತ್ತದೆ. ಒಂದೊಂದು ಸಾಲಿಗೆ ಎರಡು ಪಿಕ್ಸೆಲ್ ಇದ್ದರೆ ಚಿತ್ರ ಚೊಕ್ಕವಾಗಿ ಬರುತ್ತದೆ ಎಂಬ ಲೆಕ್ಕದಲ್ಲಿ 300 ಬಂತು. ದಿನಪತ್ರಿಕೆಯ ಒರಟು ಕಾಗದಕ್ಕೆ ಸಾಲು ಕಡಿಮೆ, ಅಲ್ಲಿ 200 ಇದ್ದರೂ ನಡೆಯುತ್ತದೆ. ನಮ್ಮ ಸಂಚಿಕೆ ಎ4 ಅಳತೆಯದು, 210 ಮಿಲಿಮೀಟರ್ ಅಗಲ, 297 ಉದ್ದ. ಪೂರ್ತಿ ಪುಟಕ್ಕೆ ಒಂದು ಫೋಟೊ ಹಾಕಲು 2480 ಪಿಕ್ಸೆಲ್ ಅಗಲ, 3508 ಪಿಕ್ಸೆಲ್ ಉದ್ದ ಬೇಕು. ಅಂಚಿನವರೆಗೂ ಚಿತ್ರ ಹೋಗಬೇಕೆಂದರೆ ಸುತ್ತ 3 ಮಿಲಿಮೀಟರ್ ಹೆಚ್ಚಿಗೆ ಬಿಡಬೇಕು. ಬೈಂಡಿಂಗಿನವರು ಅಷ್ಟನ್ನು ಕತ್ತರಿಸಿ ಎಸೆಯುತ್ತಾರೆ. ಫೋಟೊದ ಅಂಚಿಗೆ ನಿಂತವರ ಭುಜ ಹೋಗುವುದು ಇಲ್ಲೇ.

ಈಗ ಸಂತೋಷದ ಸುದ್ದಿ. ನಮ್ಮ ಜೇಬಿನಲ್ಲಿರುವ ಸಾಧಾರಣ ಫೋನ್ ಕೂಡ 12 ಮೆಗಾಪಿಕ್ಸೆಲ್ ಫೋಟೊ ತೆಗೆಯುತ್ತದೆ, ಅಂದರೆ 4000ಕ್ಕೆ 3000 ಪಿಕ್ಸೆಲ್. 300ರಿಂದ ಭಾಗಿಸಿ, 13 ಇಂಚಿಗೆ 10 ಇಂಚು ಬರುತ್ತದೆ. ಒಂದು ಪುಟಕ್ಕಿಂತಲೂ ಹೆಚ್ಚು. ದುಬಾರಿ ಕ್ಯಾಮೆರಾ ಬೇಕಾಗಿಯೇ ಇಲ್ಲ.

ಹಾಗಾದರೆ ಎಲ್ಲಿ ಕೆಡುತ್ತದೆ? ಕಳಿಸುವಾಗ. ವಾಟ್ಸಾಪಿನಲ್ಲಿ ಫೋಟೊ ಒತ್ತಿ ಕಳಿಸಿದರೆ, ಅದು ಉದ್ದದ ಬದಿಯನ್ನು ಸುಮಾರು 1600 ಪಿಕ್ಸೆಲಿಗೆ ಇಳಿಸಿ, ಮೇಲಿಂದ ಹಿಂಡಿ ಹಗುರ ಮಾಡಿ ಕಳಿಸುತ್ತದೆ. 4000ಕ್ಕೆ 3000 ಇದ್ದದ್ದು 1600ಕ್ಕೆ 1200 ಆಗುತ್ತದೆ. ಗುಣಿಸಿ ನೋಡಿದರೆ ಆರರಲ್ಲಿ ಒಂದು ಪಾಲೂ ಉಳಿಯುವುದಿಲ್ಲ. ಇದು ವಾಟ್ಸಾಪಿನ ತಪ್ಪೂ ಅಲ್ಲ. ಅದು ಡೇಟಾ ಉಳಿಸಲು, ಫೋನಿನಲ್ಲಿ ನೋಡಲು ಮಾಡಿದ ವ್ಯವಸ್ಥೆ. ಫೋನಿನಲ್ಲಿ ಅದು ಚೆನ್ನಾಗಿಯೇ ಕಾಣುತ್ತದೆ. ಹಾಗಾಗಿಯೇ ಕಳಿಸಿದವರಿಗೂ ತಗೊಂಡವರಿಗೂ ಅನುಮಾನ ಬರುವುದಿಲ್ಲ.

1600 ಪಿಕ್ಸೆಲ್ ಎಂದರೆ ಐದು ಇಂಚು ಚಿಲ್ಲರೆ ಆಯಿತಲ್ಲ, ಅರ್ಧ ಪುಟಕ್ಕೆ ಸಾಕಲ್ಲ ಎಂದು ಲೆಕ್ಕ ಬಲ್ಲವರು ಕೇಳಬಹುದು. ಒಬ್ಬರದೇ ಫೋಟೊ ಆದರೆ ಹೇಗೋ ದಾಟಿಸಬಹುದು. ಆದರೆ ನಮ್ಮ ಕೂಟದ ಫೋಟೊಗಳಲ್ಲಿ ಒಬ್ಬರು ಎಲ್ಲಿರುತ್ತಾರೆ? ವೇದಿಕೆ ತುಂಬ ಜನ. ಸಾಲಿಗೆ ಇಪ್ಪತ್ತು ಮಂದಿ ನಿಂತ ಗುಂಪಿನಲ್ಲಿ 1600 ಪಿಕ್ಸೆಲ್ ಹಂಚಿದರೆ ತಲೆಗೆ 80, ಅದರಲ್ಲಿ ಮುಖಕ್ಕೆ ಸಿಗುವುದು 40. ಅಚ್ಚಿನಲ್ಲಿ ಮೂರೂವರೆ ಮಿಲಿಮೀಟರೂ ಇಲ್ಲ, ಒಂದು ಉದ್ದಿನಕಾಳಿನಷ್ಟು. ಆ 40 ಪಿಕ್ಸೆಲನ್ನೂ ಹಿಂಡಿ ಕಳಿಸಿರುವುದರಿಂದ ಕಣ್ಣು, ಮೂಗು, ಮೀಸೆ ಎಲ್ಲ ಕಲಸಿಹೋಗಿರುತ್ತದೆ. ಅದನ್ನು ಹಿಗ್ಗಿಸಿ ಪೂರ್ತಿ ಪುಟಕ್ಕೆ ಹಾಕಿದರೆ ಕಲಸಿದ್ದೇ ದೊಡ್ಡದಾಗುತ್ತದೆ. ಇದರ ಮೇಲೆ ಒಬ್ಬರು ಸ್ಕ್ರೀನ್‌ಶಾಟ್ ತೆಗೆದು, ಇನ್ನೊಬ್ಬರು ಅದನ್ನು ಕತ್ತರಿಸಿ, ಮತ್ತೊಬ್ಬರು ಗುಂಪಿನಿಂದ ಗುಂಪಿಗೆ ದಾಟಿಸಿದರೆ ಮುಗಿಯಿತು.

ಗುರುತು ಹಿಡಿಯುವುದು ಸುಲಭ. ಆಂಡ್ರಾಯ್ಡ್ ಫೋನಿನಲ್ಲಿ ವಾಟ್ಸಾಪ್ ದಾಟಿ ಬಂದ ಫೋಟೊದ ಹೆಸರಿನ ಮಧ್ಯೆ 'ಡಬ್ಲ್ಯೂಎ' ಎಂಬ ಎರಡು ಅಕ್ಷರ ಕೂತಿರುತ್ತವೆ. ನಾವು ಔಷಧ ಕೊಡುವ ಮುಂಚೆ ಬಾಟಲಿ ತಿರುಗಿಸಿ ಬ್ಯಾಚ್ ನಂಬರ್ ನೋಡುವ ಹಾಗೆ ಸಮಿತಿಯವರು ಕಡತದ ಹೆಸರು ನೋಡಲಿ. ಆ ಎರಡಕ್ಷರ ಕಂಡರೆ ವಾಪಸ್ ಕೇಳಲಿ. ಕಳಿಸುವವರೂ ಕಷ್ಟಪಡಬೇಕಿಲ್ಲ. ಅದೇ ವಾಟ್ಸಾಪಿನಲ್ಲಿ ಪಿನ್ ಚಿಹ್ನೆ ಒತ್ತಿ, ಫೋಟೊ ಅಥವಾ ಗ್ಯಾಲರಿ ಬದಲು 'ಡಾಕ್ಯುಮೆಂಟ್' ಆರಿಸಿ ಕಳಿಸಿದರೆ ಇದ್ದದ್ದು ಇದ್ದ ಹಾಗೇ ಹೋಗುತ್ತದೆ. ಐಫೋನಿನವರು ಫೋಟೊವನ್ನು ಮೊದಲು 'ಫೈಲ್ಸ್'ಗೆ ಉಳಿಸಿಕೊಂಡು ಅಲ್ಲಿಂದ ಕಳಿಸಬಹುದು. ಇಮೇಲ್ ಆದರೆ 'ಆ್ಯಕ್ಚುಯಲ್ ಸೈಜ್'. ಇಪ್ಪತ್ತು ಮೂವತ್ತು ಫೋಟೊ ಇದ್ದರೆ ಡ್ರೈವಿಗೆ ಹಾಕಿ ಲಿಂಕ್ ಕೊಡಿ. 'ಎಚ್‌ಡಿ' ಎಂದು ಒತ್ತಿದರೆ ಸ್ವಲ್ಪ ವಾಸಿ, ಆದರೂ ಅದು ಮೂಲ ಕಡತವಲ್ಲ.

"ಇದೇ ಫೋಟೊ ಹೋದ ವರ್ಷ ಸ್ಟೇಜಿನ ಹಿಂದೆ ಇಪ್ಪತ್ತಡಿ ಫ್ಲೆಕ್ಸಿನಲ್ಲಿ ಚೆನ್ನಾಗಿತ್ತಲ್ಲ ಮಾರಾಯ್ರೆ, ಪುಸ್ತಕದಲ್ಲಿ ಯಾಕೆ ಬರುವುದಿಲ್ಲ?" ಎಂಬ ಪ್ರಶ್ನೆ ಪ್ರತಿವರ್ಷ ಇದ್ದದ್ದೇ. ಫ್ಲೆಕ್ಸನ್ನು ನಾವು ನೋಡುವುದು ಮೂವತ್ತಡಿ ದೂರದಿಂದ. ಪುಸ್ತಕ ಇರುವುದು ಮೂಗಿನಿಂದ ಒಂದಡಿ ದೂರದಲ್ಲಿ. ದೂರ ಹೋದಷ್ಟೂ ಕಡಿಮೆ ಪಿಕ್ಸೆಲಿನಲ್ಲಿ ಕಣ್ಣು ಸಮಾಧಾನಪಡುತ್ತದೆ. ಅದೇ ಫ್ಲೆಕ್ಸಿನ ಹತ್ತಿರ ಹೋಗಿ ಮುಖ್ಯ ಅತಿಥಿಗಳ ಕೆನ್ನೆ ನೋಡಿದರೆ ಗೊತ್ತಾಗುತ್ತದೆ, ಚೌಕ ಚೌಕ ಇರುತ್ತದೆ.

ಇನ್ನೊಂದು ಜಾಣತನ ಇದೆ. ಕಂಪ್ಯೂಟರಿನಲ್ಲಿ ಫೋಟೊ ತೆರೆದು, 72 ಎಂದಿರುವ ಜಾಗದಲ್ಲಿ 300 ಎಂದು ಬರೆದು, "ಈಗ ಮುನ್ನೂರು ಮಾಡಿದ್ದೇವೆ" ಎಂದು ಕಳಿಸುವುದು. ಅದು ಲೇಬಲ್ ಬದಲಿಸಿದಂತೆ. 120ರ ಸಿರಪ್ ಬಾಟಲಿಗೆ 250ರ ಲೇಬಲ್ ಅಂಟಿಸಿದರೆ ಒಳಗಿನದು ಬದಲಾಗುವುದಿಲ್ಲ. ನಮ್ಮ ಕೆಲಸದಲ್ಲಿ ಹಾಗೆ ಮಾಡಿದರೆ ಲೈಸೆನ್ಸ್ ಹೋಗುತ್ತದೆ. ಇಂಚಿಗೆ ಎಷ್ಟು ಎಂದು ಕಡತದಲ್ಲಿ ಬರೆದಿರುವ ಸಂಖ್ಯೆಯನ್ನು ಮರೆತುಬಿಡಿ. ಒಟ್ಟು ಪಿಕ್ಸೆಲ್ ಎಷ್ಟು ಎಂದು ಮಾತ್ರ ನೋಡಿ. ಫೋನಿನ ಗ್ಯಾಲರಿಯಲ್ಲಿ ಫೋಟೊದ ವಿವರ ತೆರೆದರೆ ಅಗಲ, ಉದ್ದ ಸಿಗುತ್ತದೆ. 300ರಿಂದ ಭಾಗಿಸಿದರೆ ಎಷ್ಟು ಇಂಚಿಗೆ ಅಚ್ಚಾಗಬಹುದೆಂದು ತಿಳಿಯುತ್ತದೆ. ಐದನೇ ಕ್ಲಾಸಿನ ಭಾಗಾಕಾರ.

ಈಗ ಹೊಸದಾಗಿ ಕೃತಕ ಬುದ್ಧಿಮತ್ತೆಯ ಆ್ಯಪ್‌ಗಳು ಬಂದಿವೆ, ಮಸುಕಾದ ಫೋಟೊವನ್ನು ಸ್ಪಷ್ಟ ಮಾಡಿ ಕೊಡುತ್ತವೆ. ಕಟ್ಟಡ, ಹೂವಿನ ರಂಗೋಲಿ, ಊಟದ ಎಲೆ ಇಂಥವಕ್ಕೆ ಬಳಸಿಕೊಳ್ಳಲಿ, ನಮ್ಮ ತಕರಾರಿಲ್ಲ. ಮನುಷ್ಯರ ಮುಖಕ್ಕೆ ಬೇಡ. ಆ ಆ್ಯಪ್ ಕಳೆದುಹೋದದ್ದನ್ನು ಹುಡುಕಿ ತರುವುದಿಲ್ಲ. ತಾನು ಕಂಡ ಬೇರೆ ಲಕ್ಷಾಂತರ ಮುಖಗಳಿಂದ ಅಂದಾಜು ಮಾಡಿ ಹೊಸ ಕಣ್ಣು, ಹೊಸ ಹಲ್ಲು ಬರೆಯುತ್ತದೆ. ನೋಡಲು ಚೆಂದವೇ ಇರುತ್ತದೆ, ಆದರೆ ಅದು ನಮ್ಮ ಅಜ್ಜ ಅಲ್ಲ. ಅಜ್ಜನ ದೂರದ ನೆಂಟ ಎನ್ನಬಹುದು. ಅದರಲ್ಲೂ ತೀರಿಕೊಂಡವರ ಮುಖದ ಮೇಲೆ ಈ ಪ್ರಯೋಗ ಮಾಡಲೇಬಾರದು ಎಂದು ನಾವು ಗಟ್ಟಿಯಾಗಿ ಹೇಳುತ್ತೇವೆ.

ಇಷ್ಟೆಲ್ಲ ಬರೆಯಲು ಕಾರಣವೇ ಆ ಪುಟ. ಪ್ರತಿ ಸಂಚಿಕೆಯಲ್ಲೂ ಶ್ರದ್ಧಾಂಜಲಿಯ ಪುಟ ಇರುತ್ತದೆ. ಕುವೈತಿಗೆ ಬಂದು ಇಪ್ಪತ್ತೈದು ಮೂವತ್ತು ವರ್ಷ ದುಡಿದು, ಇಲ್ಲಿಯೇ ಕಣ್ಣುಮುಚ್ಚಿದವರು ಅಲ್ಲಿರುತ್ತಾರೆ. ದೇಹವನ್ನು ಊರಿಗೆ ಕಳಿಸುವ ಓಡಾಟದಲ್ಲಿ ಆಸ್ಪತ್ರೆಯ ಕಾಗದ, ರಾಯಭಾರ ಕಚೇರಿಯ ಕಾಗದ, ವಿಮಾನದ ಕಾಗದ ಎಲ್ಲವನ್ನೂ ಸ್ನೇಹಿತರು ಸೇರಿಸುತ್ತಾರೆ. ಮನೆಯವರನ್ನು ಫೋಟೊ ಕೇಳಲು ಬಾಯಿ ಬರುವುದಿಲ್ಲ. ಕೊನೆಗೆ ಸಿಗುವುದು ಸಿವಿಲ್ ಐಡಿಯ ಪ್ರತಿ, ಇಲ್ಲವೇ ವಾಟ್ಸಾಪಿನ ಡಿಪಿ. ಐಡಿ ಕಾರ್ಡಿನಿಂದ ಕತ್ತರಿಸಿದ ಮುಖದ ಮೇಲೆ ಕಾರ್ಡಿನ ನಕ್ಷೆಯ ಗೆರೆಗಳು ಹಾದುಹೋಗಿರುತ್ತವೆ. ಡಿಪಿಯಾದರೆ ಆರುನೂರು ಚಿಲ್ಲರೆ ಪಿಕ್ಸೆಲ್, ಅಚ್ಚಿಗೆ ಎರಡು ಇಂಚು. ಅದರಲ್ಲೂ ಎಷ್ಟೋ ಜನರ ಡಿಪಿಯಲ್ಲಿ ಅವರಿರುವುದಿಲ್ಲ, ಮೊಮ್ಮಗು ಇರುತ್ತದೆ, ದೇವರಿರುತ್ತಾನೆ. ಗುಂಪು ಫೋಟೊದಿಂದ ಕತ್ತರಿಸಿ ತೆಗೆದರೆ ಪಕ್ಕದವರ ಕೈ ಹೆಗಲ ಮೇಲೆ ಉಳಿದುಕೊಂಡಿರುತ್ತದೆ.

ಈ ಸಂಚಿಕೆ ಊರಿಗೆ ಹೋಗುತ್ತದೆ. ಉಡುಪಿಯ ಕಡೆಯೋ, ಭಟ್ಕಳದ ಕಡೆಯೋ, ಧಾರವಾಡದ ಕಡೆಯೋ ಒಂದು ಮನೆಯಲ್ಲಿ ಆ ಪುಟವನ್ನು ತೆಗೆದು ನೋಡುತ್ತಾರೆ. ಗಲ್ಫಿನಲ್ಲಿ ಯಜಮಾನರಿಗೆ ಎಂಥ ಬಳಗ ಇತ್ತು, ಎಂಥ ಮರ್ಯಾದೆ ಇತ್ತು ಎನ್ನಲು ಅವರ ಕೈಯಲ್ಲಿರುವ ಒಂದೇ ಸಾಕ್ಷಿ ಅದು. ಅಲ್ಲಿ ಅವರ ಮುಖ ಮಸುಕಾದ ಮಚ್ಚೆಯಾಗಿ ಇರಬಾರದು. ಕೂಟದಲ್ಲಿ ನಾಟಕದಲ್ಲಿ ಪಾತ್ರ ಮಾಡಿದ್ದಾಗ, ಪಿಕ್ನಿಕ್ಕಿನಲ್ಲಿ ಅಡುಗೆಗೆ ನಿಂತಿದ್ದಾಗ ಅವರ ನೂರು ಫೋಟೊ ಯಾರೋ ತೆಗೆದಿರುತ್ತಾರೆ. ತೆಗೆದ ಮೂಲ ಒಂದಾದರೂ ಕೂಟದ ಬಳಿ ಇದ್ದಿದ್ದರೆ ಆ ಹೊತ್ತಿನಲ್ಲಿ ಯಾರ ಮನೆಯ ಬಾಗಿಲನ್ನೂ ತಟ್ಟಬೇಕಿರಲಿಲ್ಲ.

ಕುವೈತ್ ಕನ್ನಡಿಗರಾದ ನಮಗೆ ಇದರಲ್ಲಿ ಇನ್ನೊಂದು ಸಂಗತಿಯೂ ಇದೆ, ಬೇರೆ ಗಲ್ಫ್ ದೇಶಗಳಲ್ಲಿ ಇರುವವರಿಗೆ ಇಲ್ಲದ್ದು. 1990ರ ಆಗಸ್ಟ್ 2ರಂದು ಇರಾಕಿನ ಸೇನೆ ಒಳಗೆ ನುಗ್ಗಿದ ಮೇಲೆ ಇಲ್ಲಿದ್ದ ಭಾರತೀಯರು ಬಹುಪಾಲು ಉಟ್ಟ ಬಟ್ಟೆಯಲ್ಲಿ ಹೊರಟರು. ಬಸ್ರಾ, ಬಾಗ್ದಾದ್ ದಾಟಿ ಜೋರ್ಡಾನಿನ ಅಮ್ಮಾನ್ ತಲುಪಿ, ಅಲ್ಲಿಂದ ಏರ್ ಇಂಡಿಯಾ ವಿಮಾನಗಳಲ್ಲಿ ಮುಂಬಯಿಗೆ. ಸುಮಾರು 1,70,000 ಮಂದಿ ಹೀಗೆ ಬಂದರು. ಅವರಲ್ಲಿ ನಮ್ಮವರೂ ಇದ್ದರು. ಸೂಟ್‌ಕೇಸಿನಲ್ಲಿ ಪಾಸ್‌ಪೋರ್ಟ್, ಚಿನ್ನ, ಮಗುವಿನ ಹಾಲಿನ ಪುಡಿ ಇಟ್ಟುಕೊಂಡವರು ಆಲ್ಬಂ ಇಟ್ಟುಕೊಳ್ಳಲಾದೀತೇ? ಸಾಲ್ಮಿಯಾ, ಫಾಹಾಹೀಲ್‌ಗಳ ಫ್ಲ್ಯಾಟುಗಳಲ್ಲಿ ಬಿಟ್ಟುಬಂದದ್ದು ಬಿಟ್ಟದ್ದೇ. ಹಾಗಾಗಿ ಎಪ್ಪತ್ತು, ಎಂಬತ್ತರ ದಶಕದಲ್ಲಿ ಇಲ್ಲಿ ಕನ್ನಡದವರು ಹೇಗಿದ್ದರು, ಎಲ್ಲಿ ಸೇರುತ್ತಿದ್ದರು, ಹಬ್ಬ ಹೇಗೆ ಮಾಡುತ್ತಿದ್ದರು ಎಂಬುದಕ್ಕೆ ಫೋಟೊಗಳು ಬಹಳ ಕಡಿಮೆ. ಉಳಿದವು ಯಾವುವು ಎಂದರೆ ಆ ಕಾಲದಲ್ಲೇ ಪತ್ರದ ಜೊತೆ ಲಕೋಟೆಯಲ್ಲಿ ಊರಿಗೆ ಕಳಿಸಿದವು. "ನಾನು ಇಲ್ಲಿ ಸೌಖ್ಯ" ಎಂದು ಬರೆದು, ಕಾರಿಗೆ ಒರಗಿ ನಿಂತ ಫೋಟೊ ಒಳಗಿಟ್ಟು ಕಳಿಸುತ್ತಿದ್ದರಲ್ಲ, ಅವು. ಕಾರು ಹೆಚ್ಚಾಗಿ ಬೇರೆಯವರದು. ಆ ಫೋಟೊಗಳು ಈಗಲೂ ಊರಿನ ಕಪಾಟಿನಲ್ಲಿ, ಟ್ರಂಕಿನಲ್ಲಿ, ದೇವರ ಕೋಣೆಯ ಗೋಡೆಯಲ್ಲಿ ಇವೆ. 'ಏರ್‌ಲಿಫ್ಟ್' ಸಿನಿಮಾ ನೋಡಿದ ಮಕ್ಕಳು "ನಮ್ಮೂರಿನವರು ಇದ್ದರಾ?" ಎಂದು ಕೇಳುತ್ತಾರೆ. ತೋರಿಸಲು ನಮ್ಮ ಹತ್ತಿರ ಇರುವುದು ಅಷ್ಟೇ.

ಆ ಫೋಟೊಗಳು ಕೂಡ ಸಂಚಿಕೆಗೆ ಬರುವುದು ಹೇಗೆ? ಊರಿನಲ್ಲಿ ತಮ್ಮನೋ ಸೊಸೆಯೋ ಗೋಡೆಯ ಫೋಟೊದ ಎದುರು ನಿಂತು ಫೋನಿನಲ್ಲಿ ಒಂದು ಕ್ಲಿಕ್ ಮಾಡಿ ವಾಟ್ಸಾಪಿನಲ್ಲಿ ಕಳಿಸುತ್ತಾರೆ. ಗಾಜಿನಲ್ಲಿ ಟ್ಯೂಬ್‌ಲೈಟು ಹೊಳೆಯುತ್ತಿರುತ್ತದೆ, ಅದರೊಳಗೆ ಫೋನ್ ಹಿಡಿದವರ ನೆರಳು, ಮೇಲೆ ಹಾರದ ಅರ್ಧ ಭಾಗ. ಮೂವತ್ತೈದು ವರ್ಷ ಉಳಿದು ಬಂದ ಚಿತ್ರ ಮೂರು ಸೆಕೆಂಡಿನಲ್ಲಿ ಹಾಳಾಗುತ್ತದೆ.

ಇದಕ್ಕೆ ಸ್ಕ್ಯಾನರೇ ಸರಿ. ಊರಿನ ಯಾವ ಸಣ್ಣ ಪೇಟೆಯ ಸ್ಟುಡಿಯೊದಲ್ಲೂ, ಜೆರಾಕ್ಸ್ ಅಂಗಡಿಯಲ್ಲೂ ಈಗ ಇರುತ್ತದೆ. ಆದರೆ "ಸ್ಕ್ಯಾನ್ ಮಾಡಿ ಕೊಡಿ" ಎಂದಷ್ಟೇ ಹೇಳಿದರೆ ಅವರು ಆಧಾರ್ ಕಾರ್ಡಿಗೆ ಮಾಡಿದಂತೆ ಕಡಿಮೆ ರೆಸಲ್ಯೂಶನ್ನಿನಲ್ಲಿ ಮಾಡಿಕೊಡುತ್ತಾರೆ. ಸಂಖ್ಯೆ ನಾವೇ ಹೇಳಬೇಕು. 4ಕ್ಕೆ 6 ಇಂಚಿನ ಫೋಟೊಗೆ 600 ಡಿಪಿಐ ಎಂದು ಹೇಳಿ. 2400ಕ್ಕೆ 3600 ಪಿಕ್ಸೆಲ್ ಸಿಗುತ್ತದೆ, ಹೆಚ್ಚು ಕಡಿಮೆ ಪೂರ್ತಿ ಪುಟಕ್ಕೆ ಸಾಕು. ಪಾಸ್‌ಪೋರ್ಟ್ ಅಳತೆಯ ಸಣ್ಣ ಫೋಟೊ ಮಾತ್ರ ಉಳಿದಿದ್ದರೆ 1200 ಎನ್ನಿ. 35ಕ್ಕೆ 45 ಮಿಲಿಮೀಟರಿನ ಆ ಚೂರಿನಿಂದ ಸುಮಾರು 1650ಕ್ಕೆ 2125 ಪಿಕ್ಸೆಲ್ ಬರುತ್ತದೆ, ಅರ್ಧ ಪುಟಕ್ಕೆ ಧಾರಾಳ. ಯಾರ ಮನೆಯಲ್ಲಾದರೂ ನೆಗೆಟಿವ್ ಉಳಿದಿದ್ದರೆ ಅವರು ಪುಣ್ಯವಂತರು. ಅದನ್ನು ಫಿಲ್ಮ್ ಸ್ಕ್ಯಾನ್ ಮಾಡುವ ದೊಡ್ಡ ಸ್ಟುಡಿಯೊಗೆ ಕೊಟ್ಟು 2400ಕ್ಕೆ ಕಡಿಮೆಯಿಲ್ಲದಂತೆ ಮಾಡಿಸಿ. ಕಪ್ಪು ಬಿಳುಪು ಫೋಟೊವನ್ನೂ ಬಣ್ಣದ ಸೆಟ್ಟಿಂಗಿನಲ್ಲೇ ಸ್ಕ್ಯಾನ್ ಮಾಡಿಸುವುದು ಒಳ್ಳೆಯದು, ಕಲೆಗಳನ್ನು ಆಮೇಲೆ ತೆಗೆಯಲು ಸುಲಭ.

ಒಂದು ಎಚ್ಚರಿಕೆ. ನಮ್ಮ ಕರಾವಳಿಯ ಮಳೆಗಾಲದ ತೇವಕ್ಕೆ ಹಳೆ ಫೋಟೊಗಳು ಫ್ರೇಮಿನ ಗಾಜಿಗೇ ಅಂಟಿಕೊಂಡಿರುತ್ತವೆ. ಎಳೆದು ಕೀಳಲು ಹೋಗಬೇಡಿ, ಮುಖದ ಮೇಲಿನ ಪದರವೇ ಗಾಜಿನಲ್ಲಿ ಉಳಿದುಬಿಡುತ್ತದೆ. ಅಂಥದ್ದನ್ನು ಗಾಜಿನ ಸಮೇತ ಸ್ಕ್ಯಾನರಿನ ಮೇಲಿಡಬಹುದು. ಆಲ್ಬಂನ ಅಂಟುಪುಟಕ್ಕೆ ಕಚ್ಚಿಕೊಂಡಿದ್ದರೂ ಅಷ್ಟೇ, ಪುಟ ಸಮೇತ. ಸ್ಕ್ಯಾನರ್ ಸಿಗಲೇ ಇಲ್ಲವಾದರೆ ಫೋಟೊವನ್ನು ಫ್ರೇಮಿನಿಂದ ಬಿಡಿಸಿ, ಕಿಟಕಿಯ ಪಕ್ಕ ಮೇಜಿನ ಮೇಲೆ ಮಲಗಿಸಿ, ದೀಪ ಆರಿಸಿ, ಹಗಲಿನ ಬೆಳಕಿನಲ್ಲಿ ನೇರ ಮೇಲಿನಿಂದ ಫೋನಿನಲ್ಲಿ ತೆಗೆಯಿರಿ. ಹಳೆ ಪತ್ರಿಕೆಯಲ್ಲಿ, ಹಳೆ ಸಂಚಿಕೆಯಲ್ಲಿ ಅಚ್ಚಾದ ಚಿತ್ರವನ್ನು ಮತ್ತೆ ಅಚ್ಚು ಹಾಕುವುದು ಮಾತ್ರ ಬೇರೆ ದಾರಿಯೇ ಇಲ್ಲದಾಗ. ಅಚ್ಚಿನ ಚುಕ್ಕಿಗಳ ಮೇಲೆ ಇನ್ನೊಂದು ಅಚ್ಚಿನ ಚುಕ್ಕಿ ಬಿದ್ದು ಸೊಳ್ಳೆಪರದೆಯೊಳಗಿಂದ ನೋಡಿದಂತೆ ಕಾಣುತ್ತದೆ.

ಜಾಹೀರಾತು ಕೊಡುವ ನಮ್ಮ ಪೋಷಕರಿಗೂ ಒಂದು ಮಾತು. ಹೋಟೆಲಿನ, ಕ್ಲಿನಿಕ್ಕಿನ ಲಾಂಛನವನ್ನು ವಿಸಿಟಿಂಗ್ ಕಾರ್ಡಿನ ಫೋಟೊ ತೆಗೆದು ಕಳಿಸುವ ಬದಲು ಅದನ್ನು ವಿನ್ಯಾಸ ಮಾಡಿದವರಿಂದ ಪಿಡಿಎಫ್ ಪಡೆದು ಕಳಿಸಿ. ಕವನ, ಲೇಖನಗಳನ್ನು ಚಿತ್ರ ಮಾಡಿ ಕಳಿಸುವವರಿಗೂ ಇದೇ ಮಾತು. ಇಂಗ್ಲಿಷ್ ಅಕ್ಷರ ಸ್ವಲ್ಪ ಮಸುಕಾದರೂ ಓದಬಹುದು. ಕನ್ನಡದಲ್ಲಿ ಒತ್ತಕ್ಷರ ಅಷ್ಟು ಚಿಕ್ಕದು, ಮೊದಲು ಹೋಗುವುದು ಅದೇ. ಕೆಳಗಿನ ಒತ್ತು ಅಳಿಸಿಹೋದರೆ ಅರ್ಥ ಬದಲಾಗುತ್ತದೆ, ಕೆಲವೊಮ್ಮೆ ಅನರ್ಥವೇ ಆಗುತ್ತದೆ. ಯೂನಿಕೋಡಿನಲ್ಲಿ ಟೈಪ್ ಮಾಡಿದ್ದನ್ನೇ ಕಳಿಸಿ.

ಇಷ್ಟು ಕಟ್ಟುನಿಟ್ಟು ಮಾಡಿದರೆ ಫೋಟೊ ಬರುವುದೇ ಇಲ್ಲ ಎಂದು ಸಮಿತಿಯ ಕೆಲವರು ಹೆದರುತ್ತಾರೆ. ಸ್ವಲ್ಪ ಕಡಿಮೆ ಬರಲಿ ಎಂದೇ ನಮ್ಮ ಆಸೆ. ಒಂದು ಪುಟಕ್ಕೆ ನಲವತ್ತು ಅಂಚೆಚೀಟಿಗಳಂಥ ಫೋಟೊ ತುಂಬಿಸುವುದು ಎಲ್ಲರನ್ನೂ ಸಮಾಧಾನ ಮಾಡಲು. ಕೊನೆಗೆ ಯಾರಿಗೂ ಸಮಾಧಾನವಿಲ್ಲ, ಯಾರ ಮುಖವೂ ಕಾಣುವುದಿಲ್ಲ. ದೀಪ ಬೆಳಗುವ ಫೋಟೊ, ಶಾಲು ಹೊದಿಸಿ ಹಣ್ಣಿನ ಬುಟ್ಟಿ ಕೊಡುವ ಫೋಟೊ ಒಂದೊಂದು ಸಾಕು. ಅದು ಪ್ರತಿವರ್ಷ ಒಂದೇ ಥರ ಇರುತ್ತದೆ, ಶಾಲು ಮಾತ್ರ ಬೇರೆ. ಮಕ್ಕಳದು ದೊಡ್ಡದಾಗಿ ಬರಲಿ. ಊಟದ ಪಂಕ್ತಿಯಲ್ಲಿ ಬಡಿಸುತ್ತಿರುವ ಸ್ವಯಂಸೇವಕರದು ಬರಲಿ.

"ಈಗ ಪುಸ್ತಕ ಯಾರು ಓದುತ್ತಾರೆ, ಪಿಡಿಎಫ್ ಫೋನಿನಲ್ಲಿ ನೋಡುತ್ತಾರೆ, ಅದಕ್ಕೆ ಇಷ್ಟು ಸಾಕು" ಎನ್ನುವವರ ಮಾತಿನಲ್ಲಿ ಅರ್ಧ ನಿಜ ಇದೆ. ಫೋನಿಗೆ ಸಾಕು. ಆದರೆ ಫೋನು ಎರಡು ಮೂರು ವರ್ಷಕ್ಕೆ ಬದಲಾಗುತ್ತದೆ, ಪಿಡಿಎಫ್ ಗುಂಪಿನ ಸಾವಿರ ಶುಭೋದಯಗಳ ಕೆಳಗೆ ಹೂತುಹೋಗುತ್ತದೆ. ಹತ್ತು ವರ್ಷದ ಹಿಂದಿನ ಅಚ್ಚಾದ ಸಂಚಿಕೆ ಮಾತ್ರ ಈಗಲೂ ಎಷ್ಟೋ ಮನೆಗಳ ಶೆಲ್ಫಿನಲ್ಲಿದೆ.

ಹಾಗಾಗಿ ಮುಂದಿನ ಮಹಾಸಭೆಯಲ್ಲಿ ಒಂದು ನಿರ್ಣಯ ಆಗಲಿ ಎಂದು ಕೇಳುತ್ತೇವೆ. ಈಗ ನಮ್ಮ ಕೂಟದ ಫೋಟೊಗಳು ಇರುವುದು ಆಯಾ ವರ್ಷದ ಕಾರ್ಯದರ್ಶಿಯ ಲ್ಯಾಪ್‌ಟಾಪಿನಲ್ಲಿ. ಅವರಿಗೆ ಕೆಲಸ ಬದಲಾಗಿ ದೇಶ ಬಿಟ್ಟರೆ ಆ ವರ್ಷವೇ ಅವರ ಜೊತೆ ವಿಮಾನ ಹತ್ತುತ್ತದೆ. ಎರಡು ಹಾರ್ಡ್ ಡಿಸ್ಕ್ ಕೊಳ್ಳೋಣ. ಒಂದು ಇಲ್ಲಿ ಪದಾಧಿಕಾರಿಗಳ ಬಳಿ, ಒಂದು ಊರಿನಲ್ಲಿ ನೆಲೆಸಿದ ಹಿರಿಯ ಸದಸ್ಯರೊಬ್ಬರ ಬಳಿ. 1990ನ್ನು ಕಂಡ ಊರಿನವರಿಗೆ ಎರಡನೆಯದು ಬೇರೆ ದೇಶದಲ್ಲಿ ಯಾಕಿರಬೇಕು ಎಂದು ವಿವರಿಸಬೇಕಿಲ್ಲ. ಖರ್ಚು ಒಂದು ವರ್ಷದ ಹಾರ ತುರಾಯಿಯಷ್ಟೂ ಆಗಲಾರದು. ವರ್ಷಕ್ಕೊಂದು ಫೋಲ್ಡರ್, ಒಳಗೆ ಮೂಲ ಕಡತಗಳು, ಒಂದೊಂದಕ್ಕೂ ಹೆಸರು. ಹೆಸರು ಬಹಳ ಮುಖ್ಯ. ಲೇಬಲ್ ಇಲ್ಲದ ಬಾಟಲಿಯಲ್ಲಿ ಎಂಥ ಒಳ್ಳೆಯ ಔಷಧ ಇದ್ದರೂ ನಾವು ರೋಗಿಗೆ ಕೊಡುವುದಿಲ್ಲ, ಚೆಲ್ಲುತ್ತೇವೆ. ಯಾರು, ಎಲ್ಲಿ, ಯಾವಾಗ ಎಂದು ಬರೆಯದ ಫೋಟೊಗೂ ಇಪ್ಪತ್ತು ವರ್ಷದ ಮೇಲೆ ಅದೇ ಗತಿ.

ಬೇಸಿಗೆ ರಜೆಗೆ ಊರಿಗೆ ಹೊರಡುವವರು ಬಹಳ ಮಂದಿ ಇದ್ದೀರಿ. ಎರಡು ಗಂಟೆ ಬಿಡುವು ಮಾಡಿಕೊಂಡು ಟ್ರಂಕು ತೆಗೆಯಿರಿ. 1990ಕ್ಕೆ ಮೊದಲಿನ ಕುವೈತಿನ ಫೋಟೊ ಒಂದು ಸಿಕ್ಕರೂ ಸ್ಕ್ಯಾನ್ ಮಾಡಿಸಿ ತನ್ನಿ. ಸ್ಕ್ಯಾನಿಗೆ ಕೊಡುವ ಮುಂಚೆ ಅದನ್ನು ಅಪ್ಪನಿಗೋ ದೊಡ್ಡಮ್ಮನಿಗೋ ತೋರಿಸಿ, ನಿಂತವರು ಯಾರು, ಕೂತವರು ಯಾರು ಎಂದು ಎಡದಿಂದ ಬಲಕ್ಕೆ ಕೇಳಿ ಬರೆದುಕೊಳ್ಳಿ. ಫೋಟೊದ ಹಿಂದೆ ಬಾಲ್‌ಪೆನ್ನಿನಲ್ಲಿ ಒತ್ತಿ ಬರೆಯಬೇಡಿ, ಮುಂದುಗಡೆ ಗೆರೆ ಏಳುತ್ತದೆ. ಬೇರೆ ಚೀಟಿಯಲ್ಲಿ ಬರೆಯಿರಿ. ಫೋಟೊವನ್ನು ಡಾಕ್ಯುಮೆಂಟ್ ಆಗಿ ಕಳಿಸಿ. ಆ ಚೀಟಿಯನ್ನು ಮಾತ್ರ ವಾಟ್ಸಾಪಿನಲ್ಲಿ ಹೇಗೆ ಕಳಿಸಿದರೂ ನಡೆಯುತ್ತದೆ, ಓದಿಕೊಳ್ಳುತ್ತೇವೆ. ಡಾಕ್ಟರ ಕೈಬರಹ ಓದಿ ಅಭ್ಯಾಸವಿದೆ.